ನಂದಿಬೆಟ್ಟದ ಬುಡದಲ್ಲಿ ದ್ರಾಕ್ಷಿ ತೋಟ ಮತ್ತು ಕೋಟೆಯ ನಡುವಿನ ಓಟದ ದಾರಿ: ಸಲಹೆ ಬೇಕು

ಬೆಳಗಿನ ಓಟ (ಯಲಹಂಕ) — ಭಾನುವಾರ, ರಾತ್ರಿ 8:40

ಎಲ್ಲರಿಗೂ ನಮಸ್ಕಾರ. ನಂದಿಬೆಟ್ಟದ ಡಾಂಬರು ರಸ್ತೆಯನ್ನು ಓಡಿ ಹತ್ತಿ ಇಳಿಯುವ ಅಭ್ಯಾಸ ನನಗೆ ನಾಲ್ಕು ವರ್ಷಗಳಿಂದ ಇದೆ. ವಾರಾಂತ್ಯಗಳಲ್ಲಿ ಆ ರಸ್ತೆಯ ಮೇಲೆ ವಾಹನಗಳ ಸಾಲು ಎಷ್ಟು ಉದ್ದವಾಗುತ್ತದೆ ಎಂಬುದು ಇಲ್ಲಿನ ಸದಸ್ಯರಿಗೆ ತಿಳಿದಿರುವುದರಿಂದ ಅದನ್ನು ವಿವರಿಸುವುದಿಲ್ಲ. ಹೊಗೆ ಕುಡಿಯುತ್ತಾ ಓಡುವುದು ಸಾಕೆನಿಸಿ ಬೆಟ್ಟದ ಬುಡದಲ್ಲಿರುವ ಮಣ್ಣಿನ ದಾರಿಗಳನ್ನು ಹುಡುಕಲು ಹೊರಟೆ ಎಂದರೆ ಸಾಕು.

ಎರಡು ಸಲ ಒಬ್ಬನೇ ಓಡಿ ನೋಡಿರುವ ಸುತ್ತು ಹೀಗಿದೆ. ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯದ ಮುಂದಿನಿಂದ ಹೊರಟು, ದ್ರಾಕ್ಷಿ ತೋಟಗಳ ನಡುವಿನ ಬಂಡಿದಾರಿಗಳಲ್ಲಿ ಸಾಗಿ, ಸುಲ್ತಾನ್‌ಪೇಟೆಯಿಂದ ಹಳೆಯ ಕಲ್ಲುಮೆಟ್ಟಿಲುಗಳನ್ನು ಏರಿ, ಕೋಟೆಯೊಳಗೆ ಒಂದು ಸುತ್ತು ಹಾಕಿ, ಡಾಂಬರು ರಸ್ತೆಯಲ್ಲಿ ಇಳಿದು, ಮತ್ತೆ ತೋಟಗಳ ನಡುವೆ ನುಸುಳಿ ಗ್ರಾಮಕ್ಕೆ ಮರಳುವುದು. ನನ್ನ ಗಡಿಯಾರ ಸುಮಾರು 21 ಕಿ.ಮೀ. ತೋರಿಸಿತು. ಬೆಟ್ಟದ ಎತ್ತರ ಸಮುದ್ರಮಟ್ಟದಿಂದ 1,478 ಮೀಟರ್. ಬುಡದ ಬಯಲು ಸುಮಾರು 900 ಮೀಟರ್ ಎತ್ತರದಲ್ಲಿದೆ ಎಂದುಕೊಂಡರೆ ಏರಿಕೆಗೇನೂ ಕೊರತೆಯಿಲ್ಲ. ಬೆಳಗಿನ ಆರು ಗಂಟೆಗೆ ಮಂಜು ಇನ್ನೂ ಚಪ್ಪರಗಳ ಮೇಲೆ ಕೂತಿರುವಾಗ, ಕಲ್ಲುಕಂಬಗಳ ಸಾಲಿನ ಆಚೆ ಕೋಟೆಯ ಗೋಡೆ ಒಮ್ಮೆ ಕಂಡು ಒಮ್ಮೆ ಮರೆಯಾಗುವುದನ್ನು ನೋಡುತ್ತಾ ಓಡಿದ ಮೇಲೆ ನನಗೆ ಬೇರೆ ದಾರಿಯೇ ಬೇಡವೆನಿಸಿದೆ.

ಬರುವ ತಿಂಗಳು ನಮ್ಮ ಗುಂಪಿನ ಹದಿನೈದು ಮಂದಿಯನ್ನು ಕರೆದೊಯ್ಯಬೇಕೆಂದಿದ್ದೇನೆ. ಇದು ಸ್ಪರ್ಧೆಯಲ್ಲ, ಶುಲ್ಕವಿಲ್ಲ, ಪದಕವಿಲ್ಲ. ದಾರಿಯ ಬಗ್ಗೆ, ನೀರಿನ ಬಗ್ಗೆ, ಮೆಟ್ಟಿಲುಗಳ ಬಗ್ಗೆ ತಿಳಿದವರು ದಯವಿಟ್ಟು ಸಲಹೆ ಕೊಡಿ.

ಹೆಜ್ಜೇನು (ಚಿಕ್ಕಬಳ್ಳಾಪುರ) — ಭಾನುವಾರ, ರಾತ್ರಿ 9:25

ಬೆಟ್ಟದ ಪ್ರವೇಶದ್ವಾರ ತೆರೆಯುವ ಸಮಯ, ವಾರಾಂತ್ಯದ ವಾಹನ ನಿರ್ಬಂಧ ಇವೆರಡೂ ಆಗಾಗ ಬದಲಾಗುತ್ತವೆ. ಹಿಂದಿನ ದಿನ ವಿಚಾರಿಸಿಕೊಂಡೇ ಹೊರಡಿ. 2021ರ ಆಗಸ್ಟ್‌ನಲ್ಲಿ ಒಂದೇ ರಾತ್ರಿಯ ಮಳೆಗೆ ಗುಡ್ಡ ಕುಸಿದು ಬೆಟ್ಟದ ರಸ್ತೆಯೇ ಕೊಚ್ಚಿಹೋಗಿ ತಿಂಗಳುಗಟ್ಟಲೆ ಮುಚ್ಚಿದ್ದುದು ನೆನಪಿರಬಹುದು. ಮಳೆಗಾಲದ ವಾರವಾದರೆ ಮೆಟ್ಟಿಲ ದಾರಿಯನ್ನು ಕೈಬಿಡುವುದೇ ಲೇಸು. ಹಾವಸೆ ಹಿಡಿದ ಗ್ರಾನೈಟ್ ಮೇಲೆ ಯಾವ ಬೂಟಿನ ಅಟ್ಟೆಯೂ ನಿಲ್ಲುವುದಿಲ್ಲ. ಅದರ ಬೆಲೆ ಎಷ್ಟು ಸಾವಿರವೆಂದು ಬಂಡೆ ಕೇಳುವುದಿಲ್ಲ.

ಸ್ಕಂದಗಿರಿಯನ್ನೂ ಸೇರಿಸಬಹುದಲ್ಲ ಎಂದು ಯಾರಾದರೂ ಹೇಳುವ ಮೊದಲೇ ತಿಳಿಸುತ್ತೇನೆ. ಅಲ್ಲಿಗೆ ಅರಣ್ಯ ಇಲಾಖೆಯ ಮುಂಗಡ ಪರವಾನಗಿ ಬೇಕು, ಚಾರಣಿಗರ ಸಂಖ್ಯೆಗೆ ಮಿತಿ ಇದೆ, ರಾತ್ರಿ ಹತ್ತುವುದು ನಿಷಿದ್ಧ. ಪಾಪಾಗ್ನಿ ಮಠದ ಬಳಿಯಿಂದ ಹೊರಡುವ ಆ ಏರು ಚೆಲುವಾದದ್ದೇ, ಮೇಲಿನ ಪಾಳು ಕೋಟೆಯೂ ಹೌದು. ಆದರೆ ಒಂದೇ ಬೆಳಗಿನಲ್ಲಿ ಎರಡೂ ಬೆಟ್ಟ ಬೇಡ.

ದ್ರಾಕ್ಷಿ ಚಪ್ಪರ (ನಂದಿ ಹೋಬಳಿ) — ಸೋಮವಾರ, ಬೆಳಿಗ್ಗೆ 5:50

ಬೆಳಗಿನ ಓಟ ಅವರೇ, ನಿಮ್ಮ ಬರಹ ಓದಿದೆ. ನನಗೆ ಎರಡೂವರೆ ಎಕರೆ ತೋಟವಿದೆ. ಬಹುಪಾಲು ಬೆಂಗಳೂರು ಬ್ಲೂ ದ್ರಾಕ್ಷಿ, ಸ್ವಲ್ಪ ದಿಲ್‌ಖುಷ್ ತಳಿ. ನೀವು "ತೋಟಗಳ ನಡುವೆ ನುಸುಳಿ" ಎಂದು ಬರೆದಿರುವ ಮಾತಿನ ಬಗ್ಗೆ ಒಂದೆರಡು ವಿಷಯ ಹೇಳಬೇಕಾಗಿದೆ. ಕೋಪದಿಂದ ಹೇಳುತ್ತಿಲ್ಲ ಎಂದು ತಿಳಿಯಿರಿ.

ಬಂಡಿದಾರಿ ಎಂದು ನಿಮಗೆ ಕಾಣುವುದೆಲ್ಲವೂ ದಾರಿಯಲ್ಲ. ನಮ್ಮಲ್ಲಿ ನಕಾಶೆ ಕಂಡ ದಾರಿ ಬೇರೆ, ರೂಢಿಯ ದಾರಿ ಬೇರೆ. ಗ್ರಾಮ ನಕಾಶೆಯಲ್ಲಿ ಗುರುತಾಗಿರುವ ದಾರಿಯಲ್ಲಿ ಯಾರು ಬೇಕಾದರೂ ಹೋಗಬಹುದು, ಅದನ್ನು ನಾವು ತಡೆಯಲಾರೆವು. ಇನ್ನುಳಿದವು ಅಕ್ಕಪಕ್ಕದ ರೈತರು ಒಬ್ಬರಿಗೊಬ್ಬರು ಬಿಟ್ಟುಕೊಂಡಿರುವ ಜಾಗ. ಟ್ರ್ಯಾಕ್ಟರ್ ಓಡಾಡಿ ಸವೆದಿರುವುದರಿಂದ ಹೊರಗಿನವರಿಗೆ ದಾರಿಯಂತೆ ತೋರುತ್ತದೆ. ಕೆಲವೊಮ್ಮೆ ಆ ಜಾಗಕ್ಕಾಗಿ ಅಣ್ಣತಮ್ಮಂದಿರೇ ಕಚೇರಿ ಹತ್ತಿರುತ್ತಾರೆ. ಅಂಥ ಕಡೆ ಹದಿನೈದು ಮಂದಿ ಓಡಿಕೊಂಡು ಬಂದರೆ ಮರುದಿನ "ಇದು ಸಾರ್ವಜನಿಕ ದಾರಿ, ನೋಡಿ ಬೆಂಗಳೂರಿನವರೂ ಓಡಾಡುತ್ತಾರೆ" ಎನ್ನಲು ಒಬ್ಬರಿಗೆ ಸಾಕ್ಷಿ ಸಿಕ್ಕಂತಾಗುತ್ತದೆ. ನಿಮ್ಮ ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಇದ್ದರೆ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಕಂದಾಯ ಇಲಾಖೆಯ ಗ್ರಾಮ ನಕಾಶೆಯೊಂದಿಗೆ ಅದನ್ನು ತಾಳೆ ನೋಡಿದರೆ ಯಾವುದು ದಾರಿ, ಯಾವುದು ಹಿಡುವಳಿ, ಯಾವುದು ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ಬಿ ಖರಾಬು ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ.

ಇನ್ನೊಂದು, ಔಷಧಿಯ ಮಾತು. ಮಂಜು ನಿಮಗೆ ಚೆಂದ, ನಮಗೆ ಬೂಜು ತುಪ್ಪಟ ರೋಗ. ಎಲೆ ಒದ್ದೆಯಾಗಿ ಉಳಿದಷ್ಟು ಹೊತ್ತೂ ಆ ರೋಗಕ್ಕೆ ಹಬ್ಬ. ಅದಕ್ಕಾಗಿಯೇ ಬೋರ್ಡೋ ಮಿಶ್ರಣವನ್ನೋ ಬೇರೆ ಶಿಲೀಂಧ್ರನಾಶಕವನ್ನೋ ಗಾಳಿ ಏಳುವ ಮೊದಲು, ಬೆಳಗಿನ ಹೊತ್ತಿನಲ್ಲೇ ಹೊಡೆಯುತ್ತೇವೆ. ನೀವು ಓಡುವ ಹೊತ್ತೂ ಅದೇ. ಮೈಲುತುತ್ತ ಮತ್ತು ಸುಣ್ಣದ ಆ ಮಿಶ್ರಣ ಬಟ್ಟೆಗೆ ತಗುಲಿದರೆ ನೀಲಿ ಕಲೆಯಷ್ಟೇ ಉಳಿಯಬಹುದು, ಆದರೆ ಉಳಿದವೆಲ್ಲ ಅಷ್ಟು ಸಾಧುವಲ್ಲ. ನಾವು ಕಟಿಂಗ್ ಎಂದೇ ಕರೆಯುವ ಸವರುವ ಕೆಲಸ ಮುಗಿದ ಮೇಲೆ ಚಿಗುರುವ ಕಣ್ಣುಗಳು ಒಡೆಯಲೆಂದು ಕಡ್ಡಿಗಳಿಗೆ ಹೈಡ್ರೋಜನ್ ಸಯನಮೈಡ್ ಎಂಬ ರಾಸಾಯನಿಕ ಹಚ್ಚುವುದುಂಟು. ಅದನ್ನು ಹಚ್ಚುವವರು ಕೈಗವಸು ಹಾಕಿರುತ್ತಾರೆ, ಹಿಂದುಮುಂದಿನ ದಿನಗಳಲ್ಲಿ ಮದ್ಯ ಮುಟ್ಟಬಾರದೆಂಬ ಎಚ್ಚರಿಕೆಯೂ ಇರುತ್ತದೆ. ಅಂಥ ತೋಟದೊಳಗೆ ತೋಳಿಲ್ಲದ ಬನಿಯನ್ನಿನಲ್ಲಿ, ಬೆವರಿದ ಮೈಯಲ್ಲಿ, ಕಡ್ಡಿಗಳನ್ನು ಒರೆಸಿಕೊಂಡು ನುಗ್ಗುವುದನ್ನು ನೀವೇ ಕಲ್ಪಿಸಿಕೊಳ್ಳಿ.

ಕೋಟೆಕೊತ್ತಲ (ಮೈಸೂರು) — ಸೋಮವಾರ, ಮಧ್ಯಾಹ್ನ 12:15

ತೋಟದ ಮಾತನ್ನು ತೋಟದವರೇ ಹೇಳಿದ್ದಾರೆ. ನಾನು ಗೋಡೆಯ ಮಾತಿಗೆ ಸೀಮಿತನಾಗುತ್ತೇನೆ. ನಿವೃತ್ತ ಇತಿಹಾಸ ಅಧ್ಯಾಪಕನಾದ್ದರಿಂದ ಸ್ವಲ್ಪ ದೀರ್ಘವಾದರೆ ಕ್ಷಮಿಸಿ.

ನಿಮ್ಮ ಓಟ ಆರಂಭವಾಗುವ ಸ್ಥಳ ಮತ್ತು ಅದು ತಲುಪುವ ಶಿಖರ ಇವೆರಡರ ನಡುವೆ ಸುಮಾರು ಒಂದು ಸಾವಿರ ವರ್ಷಗಳ ಅಂತರವಿದೆ. ಭೋಗನಂದೀಶ್ವರಕ್ಕೆ ಸಂಬಂಧಿಸಿದ ಅತ್ಯಂತ ಹಳೆಯ ಶಾಸನೋಲ್ಲೇಖ ಕ್ರಿ.ಶ. 806ರ ಸುಮಾರಿನದು, ನೊಳಂಬರು, ಬಾಣರು, ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರಾದ ಮೇಲೊಬ್ಬರು ಅಲ್ಲಿ ಏನನ್ನಾದರೂ ಸೇರಿಸುತ್ತಲೇ ಹೋದರು. ಮೇಲಿನ ಕೋಟೆಗೆ ಈಗ ಕಾಣುವ ಬಲವಾದ ರೂಪ ಬಂದದ್ದು ಅದು ಚಿಕ್ಕಬಳ್ಳಾಪುರದ ಪಾಳೆಯಗಾರರಿಂದ ಹೈದರ್ ಮತ್ತು ಟಿಪ್ಪುವಿನ ಕೈಗೆ ಬಂದ ಮೇಲೆ. ಮೂರನೆಯ ಮೈಸೂರು ಯುದ್ಧದಲ್ಲಿ, 1791ರ ಅಕ್ಟೋಬರ್‌ನಲ್ಲಿ, ಕಾರ್ನ್‌ವಾಲಿಸನ ಸೈನ್ಯ ಸುಮಾರು ಮೂರು ವಾರ ಮುತ್ತಿಗೆ ಹಾಕಿ, ಆ ಕಡಿದಾದ ಇಳಿಜಾರಿನಲ್ಲಿ ಫಿರಂಗಿಗಳನ್ನು ಎಳೆದು ಹತ್ತಿಸಿ, ಗೋಡೆಯನ್ನು ಒಡೆದು ಕೋಟೆಯನ್ನು ಹಿಡಿಯಿತು. ಕೊನೆಯ ದಾಳಿಯ ಮುಂದಾಳತ್ವ ಜನರಲ್ ಮೆಡೋಸ್‌ನದು. ನೀವು ಏದುಸಿರು ಬಿಡುತ್ತಾ ಏರುವ ಇಳಿಜಾರಿನಲ್ಲಿ ಫಿರಂಗಿ ಎಳೆದ ಕೂಲಿಗಳು, ಎತ್ತುಗಳು ಎಷ್ಟೆಂಬುದನ್ನು ಯೋಚಿಸಿದರೆ ನಿಮ್ಮ ಬೆನ್ನಿನ ನೀರಿನ ಚೀಲ ಹಗುರವೆನಿಸೀತು.

ಇದನ್ನೆಲ್ಲ ಹೇಳಲು ಕಾರಣವಿದೆ. ಗಾರೆ ಉದುರಿದ ಕೋಟೆಗೋಡೆಯ ನೆತ್ತಿ ಬಲು ನಾಜೂಕಿನದು. ಕೆಳಗಿನ ದೊಡ್ಡ ಕಲ್ಲುಗಳು ತಮ್ಮ ಭಾರದಿಂದಲೇ ನಿಂತಿರುತ್ತವೆ. ಮೇಲಿನ ತೆನೆಗಳು (ಗೋಡೆಯ ನೆತ್ತಿಯ ಹಲ್ಲುಗಳು) ಮತ್ತು ಅವುಗಳ ಹಿಂದಿನ ಕಾವಲು ನಡೆದಾರಿ ಮಾತ್ರ ಇಟ್ಟಿಗೆ, ಸುಣ್ಣ, ಚೂರುಕಲ್ಲುಗಳಿಂದ ಆದವು. ಓಡುವ ಹೆಜ್ಜೆ ನಡೆಯುವ ಹೆಜ್ಜೆಯಂತಲ್ಲ. ಪ್ರತಿ ಸಲವೂ ದೇಹದ ತೂಕದ ಎರಡು ಮೂರು ಪಟ್ಟು ಹೊಡೆತ ಕೊಡುತ್ತದೆ. ಬೇರು ಬಿಟ್ಟ ಗಿಡ, ಒಳಗೆ ಇಳಿದ ಮಳೆನೀರು ಮತ್ತು ಈ ಹೊಡೆತ ಕೂಡಿದರೆ ಒಂದು ಕಲ್ಲು ಜಾರಲು ಹೆಚ್ಚು ಕಾಲ ಬೇಡ. ಆದ್ದರಿಂದ "ಕೋಟೆಯೊಳಗೆ ಒಂದು ಸುತ್ತು" ಎಂದರೆ ಗೋಡೆಯ ಮೇಲಲ್ಲ, ಒಳಗಿನ ಸಿಮೆಂಟು ದಾರಿಯಲ್ಲಿ ಎಂದು ನಿಮ್ಮ ಗುಂಪಿಗೆ ಸ್ಪಷ್ಟವಾಗಿ ತಿಳಿಸಿ.

ಕೆಳಗಿನ ದೇವಾಲಯ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. 1958ರ ಕಾಯ್ದೆ ಮತ್ತು ಅದರ 2010ರ ತಿದ್ದುಪಡಿಯ ಪ್ರಕಾರ ರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಅದರ ಕಲ್ಯಾಣಿಯ ಮೆಟ್ಟಿಲುಗಳ ಮೇಲೆ ಓಟಗಾರರು ಕಾಲು ಚಾಚಿ ವ್ಯಾಯಾಮ ಮಾಡುವ ಚಿತ್ರವೊಂದನ್ನು ಈಚೆಗೆ ಇಲ್ಲಿಯೇ ನೋಡಿದೆ. ಅದರಿಂದ ಹಾನಿಯಾಯಿತೆಂದು ನಾನು ಹೇಳುವುದಿಲ್ಲ, ಆದರೆ ಪೂಜೆಗೆ ಬಂದವರು ಪಕ್ಕಕ್ಕೆ ಸರಿದು ನಿಂತಿದ್ದುದೂ ಅದೇ ಚಿತ್ರದಲ್ಲಿತ್ತು.

ಬೆಳಗಿನ ಓಟ — ಸೋಮವಾರ, ರಾತ್ರಿ 10:05

ದ್ರಾಕ್ಷಿ ಚಪ್ಪರ ಅವರೇ, ಕೋಟೆಕೊತ್ತಲ ಸರ್, ಇಬ್ಬರಿಗೂ ಕೃತಜ್ಞತೆಗಳು. ನಾನು ಓಡಿದ ಎರಡು ದಿನವೂ ಯಾರೂ ತಡೆಯಲಿಲ್ಲವಾದ್ದರಿಂದ ದಾರಿ ಎಲ್ಲರದೆಂದು ಭಾವಿಸಿದ್ದೆ. ತಡೆಯದಿರುವುದು ಒಪ್ಪಿಗೆಯಲ್ಲ ಎಂಬುದು ಈಗ ಹೊಳೆಯುತ್ತಿದೆ. ಒಂದು ಸಂದೇಹ: ಕೊಯ್ಲಿನ ತಿಂಗಳನ್ನು ಮಾತ್ರ ಬಿಟ್ಟು ಉಳಿದ ಕಾಲದಲ್ಲಿ ಬಂದರೆ ತೊಂದರೆ ತಪ್ಪುವುದಿಲ್ಲವೇ? ಹೊರದೇಶಗಳ ದ್ರಾಕ್ಷಿ ನಾಡುಗಳಲ್ಲಿ ಸಾವಿರಾರು ಜನ ತೋಟಗಳ ನಡುವೆಯೇ ಓಡುವುದನ್ನು ನೋಡಿದ್ದೇವೆ.

ಡ್ಯಾನ್ಯೂಬ್ ಕನ್ನಡಿಗ (ವಿಯೆನ್ನಾ) — ಮಂಗಳವಾರ, ನಸುಕಿನ 1:30

ಹೊರದೇಶದ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಆಸ್ಟ್ರಿಯಾದ ವಾಖೌ ಕಣಿವೆ ನನ್ನ ಮನೆಯಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದೂರದಲ್ಲಿದೆ. ಕ್ರೆಮ್ಸ್ ಊರಿನಲ್ಲಿ ಇಳಿದು ಮೆಲ್ಕ್ ಕಡೆಗೆ ಡ್ಯಾನ್ಯೂಬ್ ನದಿಯ ದಂಡೆಯ ಬೆಟ್ಟಗಳಲ್ಲಿ ಓಡುವುದು ಆರು ವರ್ಷಗಳಿಂದ ನನ್ನ ಭಾನುವಾರದ ವ್ರತ. ಬೆಳಗಿನ ಓಟ ಅವರು ಬಣ್ಣಿಸಿದ ನಂದಿಯ ನೋಟ ನನಗೆ ಡ್ಯೂರ್ನ್‌ಸ್ಟೈನ್ ಎಂಬ ಊರಿನ ಮೇಲಿನ ಪಾಳು ಕೋಟೆಯನ್ನು ನೆನಪಿಸಿತು. ಮೂರನೆಯ ಕ್ರುಸೇಡ್ ಯುದ್ಧದಿಂದ ಮರಳುತ್ತಿದ್ದ ಇಂಗ್ಲೆಂಡಿನ ದೊರೆ ರಿಚರ್ಡನನ್ನು ಆಸ್ಟ್ರಿಯಾದ ಐದನೆಯ ಲಿಯೋಪೋಲ್ಡ್ ಸೆರೆಹಿಡಿದು 1192–93ರ ಚಳಿಗಾಲದಲ್ಲಿ ಇರಿಸಿದ್ದು ಅಲ್ಲಿಯೇ. 1645ರಲ್ಲಿ ಸ್ವೀಡನ್ನಿನ ಸೈನ್ಯ ಅದನ್ನು ಸಿಡಿಸಿ ಹಾಳುಗೆಡವಿತು. ಊರಿನಿಂದ ಅರ್ಧ ಗಂಟೆಯೊಳಗೆ ನಡೆದು ಹತ್ತಬಹುದು. ಮೇಲೆ ನಿಂತರೆ ನದಿಯ ತಿರುವು, ಎದುರಿನ ದಂಡೆ, ಕೆಳಗೆ ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ದ್ರಾಕ್ಷಿ ಪಾತಿಗಳು ಒಂದೇ ನೋಟಕ್ಕೆ ಸಿಗುತ್ತವೆ.

ಅಲ್ಲಿ ಜನ ತೋಟಗಳ ನಡುವೆ ಓಡುವುದು ನಿಜ. ಆದರೆ ಮನಬಂದಲ್ಲಿ ಅಲ್ಲ. ಕಣಿವೆ 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಅದನ್ನು ಸುತ್ತುವ ಸುಮಾರು 180 ಕಿ.ಮೀ. ಉದ್ದದ ವೆಲ್ಟ್‌ಎರ್ಬೆಸ್ಟೈಗ್ ಎಂಬ ಗುರುತಿಸಿದ ದಾರಿ 14 ಹಂತಗಳಲ್ಲಿ ಕಣಿವೆಯ ಊರುಗಳನ್ನು ಕೂಡಿಸುತ್ತದೆ. ಅಂಥ ದಾರಿ ಬಹುಪಾಲು ಹಳೆಯ ತೋಟದ ರಸ್ತೆಗಳ ಮೇಲೆ ಅಥವಾ ತೋಟ ಮುಗಿದು ಕಾಡು ಆರಂಭವಾಗುವ ಅಂಚಿನಲ್ಲಿ ಸಾಗುತ್ತದೆ. ಪಾತಿಗಳ ಒಳಗೆ ಇಳಿಯುವುದು ಅಪರೂಪ. ಅದಕ್ಕೆ ಕಾರಣ ಗೋಡೆಗಳು. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಒಣಗೋಡೆಗಳೇ ಆ ಪಾತಿಗಳ ಮಣ್ಣನ್ನು ಹಿಡಿದಿವೆ. ಒಂದು ಕಲ್ಲು ಕೆಳಗುರುಳಿದರೆ ಮುಂದಿನ ಮಳೆಗೆ ಮಾರುದ್ದ ಗೋಡೆ ಹೊಟ್ಟೆ ಬಿಡುತ್ತದೆ, ಅದನ್ನು ಮತ್ತೆ ಕೈಯಿಂದಲೇ ಕಟ್ಟಬೇಕು. ಕೋಟೆಕೊತ್ತಲ ಸರ್ ಹೇಳಿದ ಎಚ್ಚರಿಕೆ ಅಲ್ಲಿ ಕೋಟೆಗಷ್ಟೇ ಅಲ್ಲ, ತೋಟಕ್ಕೂ ಸಲ್ಲುತ್ತದೆ.

ದಾರಿ ತಪ್ಪಿ ಒಮ್ಮೆ ಪಾತಿಯೊಳಗೆ ಇಳಿದಿದ್ದೆ. ಅಜ್ಜಿಯೊಬ್ಬರು ಕತ್ತರಿ ಹಿಡಿದು ನಿಂತಿದ್ದರು. ಬೈಯಲಿಲ್ಲ, ಬಂದ ದಾರಿಯಲ್ಲೇ ವಾಪಸ್ ಹೋಗುವಂತೆ ಬೆರಳು ತೋರಿಸಿ ಅಲ್ಲಿಯೇ ನಿಂತರು, ನಾನು ಪೂರ್ತಿ ಮೇಲೆ ಹತ್ತುವವರೆಗೂ.

ದ್ರಾಕ್ಷಿ ಚಪ್ಪರ — ಮಂಗಳವಾರ, ಬೆಳಿಗ್ಗೆ 6:10

ವಿಯೆನ್ನಾದವರು ಬರೆದದ್ದು ಉಪಯುಕ್ತವಾಗಿದೆ. ಆದರೆ ಕೊಯ್ಲಿನ ತಿಂಗಳನ್ನು ಬಿಟ್ಟರೆ ಸಾಕೇ ಎಂಬ ಪ್ರಶ್ನೆಗೆ ಅಲ್ಲಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅವರ ಬಳ್ಳಿ ಚಳಿಗಾಲದಲ್ಲಿ ಮಲಗುತ್ತದೆ, ವರ್ಷಕ್ಕೆ ಒಂದು ಬೆಳೆ. ನಮ್ಮ ಬೆಂಗಳೂರು ಬ್ಲೂಗೆ ನಿದ್ದೆಯಿಲ್ಲ. ಯಾವಾಗ ಸವರಿದರೂ ಚಿಗುರಿ ಹೂ ಬಿಡುವುದರಿಂದ ಎರಡು ವರ್ಷಕ್ಕೆ ಐದು ಬೆಳೆ ತೆಗೆಯುವವರಿದ್ದಾರೆ. ಒಬ್ಬನ ತೋಟದಲ್ಲಿ ಗೊಂಚಲು ಕಪ್ಪಾಗುತ್ತಿರುವಾಗ ಪಕ್ಕದವನ ತೋಟದಲ್ಲಿ ಕಡ್ಡಿ ಬೋಳಾಗಿರುತ್ತದೆ. ಮಾರುಕಟ್ಟೆಗೆ ಒಟ್ಟಿಗೆ ಮಾಲು ಬಿದ್ದು ಬೆಲೆ ಕುಸಿಯಬಾರದೆಂದು ಬೇಕೆಂದೇ ಹಿಂದುಮುಂದು ಮಾಡುವುದೂ ಉಂಟು. ಹಾಗಾಗಿ ಇಲ್ಲಿ "ಬಿಡುವಿನ ತಿಂಗಳು" ಎಂಬುದೇ ಇಲ್ಲ. ತಿಂಗಳು ನೋಡಿ ಬರುವುದಲ್ಲ, ತೋಟ ನೋಡಿ ಬರಬೇಕು.

ಚಪ್ಪರದ ವಿಷಯವೂ ಇದೆ. ಯುರೋಪಿನಲ್ಲಿ ಬಳ್ಳಿ ಬೇಲಿಯಂತೆ ನೆಟ್ಟಗೆ ನಿಂತಿರುತ್ತದೆ, ಸಾಲಿನ ನಡುವೆ ಆಕಾಶ ಕಾಣುತ್ತದೆ. ದೊಡ್ಡಬಳ್ಳಾಪುರದ ಕಡೆ 1988ರಲ್ಲಿ ಆರಂಭವಾದ ಗ್ರೋವರ್ ವೈನ್ ತೋಟದಲ್ಲಿಯೂ ಹಾಗೆಯೇ ತಂತಿಬೇಲಿಗೆ ಹಬ್ಬಿಸಿದ ವೈನ್ ತಳಿಗಳನ್ನು ಬೆಳೆಸುತ್ತಾರೆ. ನಮ್ಮಂಥವರದು ಕಲ್ಲುಕಂಬದ ಮೇಲೆ ತಂತಿ ಹೆಣೆದ ಚಪ್ಪರ. ಕೆಲಸದವರು ಕೈ ಎತ್ತಿ ಗೊಂಚಲು ಮುಟ್ಟುವಷ್ಟೇ ಎತ್ತರ. ಆರಡಿಯ ಓಟಗಾರ ತಲೆ ಬಗ್ಗಿಸದಿದ್ದರೆ ಗೊಂಚಲಿಗೆ ಹಣೆ ಬಡಿಯುತ್ತದೆ. ಹಣೆಗೆ ಏನೂ ಆಗುವುದಿಲ್ಲ, ಆದರೆ ಮೇಲಿನ ಬಿಳಿ ಬೂದಿಯಂಥ ಹೊಳಪು ಅಳಿಸಿದ ಹಣ್ಣನ್ನು ವ್ಯಾಪಾರಿ ಕಡಿಮೆಗೆ ಕೇಳುತ್ತಾನೆ. ಕೆಳಗೆ ಹನಿ ನೀರಾವರಿಯ ಕಪ್ಪು ಪೈಪುಗಳಿವೆ. ಸಾವಿರ ಅಡಿಗೂ ಕೆಳಗಿಂದ ಬರುವ ನೀರು ಅದು. ಕಳೆದ ವರ್ಷ ಯಾರೋ ಓಡುವಾಗ ಕಾಲು ಸಿಕ್ಕಿಸಿಕೊಂಡು ಕಿತ್ತ ಪೈಪಿನ ಜೋಡಣೆ ರಾತ್ರಿಯಿಡೀ ಸೋರಿತು. ಬಿದ್ದವರಿಗೆ ಪೆಟ್ಟಾಯಿತೋ ಏನೋ, ಹೇಳದೆ ಹೋದರು. ನಿಂತು ಹೇಳಿದ್ದರೆ ಐದು ನಿಮಿಷದ ಕೆಲಸ.

ಮಂಡಿಚಿಪ್ಪು (ಬೆಂಗಳೂರು) — ಮಂಗಳವಾರ, ಸಂಜೆ 7:00

ನಾನು ಫಿಸಿಯೋಥೆರಪಿಸ್ಟ್. ನಂದಿಯ ಮೆಟ್ಟಿಲು ಇಳಿದು ಮರುದಿನ ನನ್ನ ಬಳಿ ಕುಂಟುತ್ತಾ ಬಂದವರು ಬಹಳ ಮಂದಿ. ಹತ್ತಿದ್ದಕ್ಕೆ ಬಂದವರು ಕಡಿಮೆ. ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ದೇಹವನ್ನು ಎತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಉದ್ದವಾಗುತ್ತಲೇ ಭಾರವನ್ನು ತಡೆದು ಹಿಡಿಯಬೇಕು, ಮತ್ತು ಸ್ನಾಯುವಿನ ಎಳೆಗಳಿಗೆ ಸಣ್ಣ ಸಣ್ಣ ಗಾಯಗಳಾಗುವುದು ಈ ಕೆಲಸದಲ್ಲಿಯೇ. ನೋವು ಕೂಡಲೇ ತಿಳಿಯುವುದಿಲ್ಲ. ಒಂದು ದಿನ ಕಳೆದ ಮೇಲೆ, ಹೆಚ್ಚಾಗಿ ಎರಡನೆಯ ದಿನ ಅದರ ಉತ್ತುಂಗ. ಹಳೆಯ ಮೆಟ್ಟಿಲುಗಳ ಇನ್ನೊಂದು ಕಷ್ಟವೆಂದರೆ ಒಂದರಂತೆ ಇನ್ನೊಂದಿಲ್ಲ. ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳಲ್ಲಿ ಕಾಲಿಗೆ ಒಂದು ಲಯ ಸಿಗುವ ಮೊದಲೇ ಮೆಟ್ಟಿಲಿನ ಎತ್ತರ ಬದಲಾಗಿರುತ್ತದೆ.

ಆದ್ದರಿಂದ ಬೆಳಗಿನ ಓಟ ಅವರು ಮೆಟ್ಟಿಲನ್ನು ಏರಲು ಮಾತ್ರ ಇಟ್ಟುಕೊಂಡು ಇಳಿಯಲು ಡಾಂಬರು ರಸ್ತೆಯನ್ನು ಆರಿಸಿರುವುದು ಸರಿಯಾಗಿದೆ. ಅಭ್ಯಾಸವಿಲ್ಲದವರಿಗೆ ಮೂರು ವಾರ ಮೊದಲಿನಿಂದ ಸಣ್ಣ ಇಳಿಜಾರಿನಲ್ಲಿ ಇಳಿಯುವ ಓಟ ಮಾಡಿಸಿ. ಒಂದು ಸಲದ ಇಳಿಕೆಯೂ ಮುಂದಿನ ಸಲದ ನೋವನ್ನು ಗಮನಾರ್ಹವಾಗಿ ತಗ್ಗಿಸುತ್ತದೆ. ಏರುವಾಗ ಮೆಟ್ಟಿಲನ್ನು ಓಡಲೇಬೇಕೆಂಬ ಹಟ ಬೇಡ. ಅಂಗೈಯನ್ನು ಮಂಡಿಯ ಮೇಲೂರಿ ನಡೆಯುವವರು ಶಿಖರಕ್ಕೆ ಓಡುವವರಿಗಿಂತ ಎರಡು ನಿಮಿಷ ತಡವಾಗಿ ತಲುಪುತ್ತಾರೆ, ಅಷ್ಟೆ, ಮಾತನಾಡುವಷ್ಟು ಉಸಿರು ಉಳಿಸಿಕೊಂಡು. ಹೊರಡುವ ಹೊತ್ತು ತಂಪಾಗಿದ್ದರೂ ಎಂಟು ಗಂಟೆಯ ನಂತರ ಬಯಲಿನ ಭಾಗದಲ್ಲಿ ಬಿಸಿಲು ಏರುತ್ತದೆ. ತಲಾ ಒಂದೂವರೆ ಲೀಟರ್ ನೀರು, ಅದರಲ್ಲಿ ಅರ್ಧಕ್ಕೆ ಉಪ್ಪು, ಸಕ್ಕರೆ, ನಿಂಬೆ ಇರಲಿ.

ಹೆಜ್ಜೇನು — ಮಂಗಳವಾರ, ರಾತ್ರಿ 8:20

ನೀರಿನ ಮಾತಿಗೆ ಒಂದು ಸೇರ್ಪಡೆ. ದಾರಿಯಲ್ಲಿ ಸಿಗುವ ಕೆರೆಯ ನೀರು ತಿಳಿಯಾಗಿ ಕಂಡರೂ ಬಾಟಲಿಗೆ ತುಂಬಿಕೊಳ್ಳಬೇಡಿ. ಎಚ್.ಎನ್. (ಹೆಬ್ಬಾಳ–ನಾಗವಾರ) ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯನೀರನ್ನು ನಮ್ಮ ಜಿಲ್ಲೆಯ ಹಲವು ಕೆರೆಗಳಿಗೆ ಹರಿಸುತ್ತಾರೆ. ಅಂತರ್ಜಲ ಮೇಲೇರಲಿ ಎಂಬುದು ಅದರ ಉದ್ದೇಶ, ಕುಡಿಯಲಿ ಎಂಬುದಲ್ಲ. ನೀವು ಬೆಂಗಳೂರಿನಲ್ಲಿ ಚೆಲ್ಲಿದ್ದನ್ನೇ ಇಲ್ಲಿಗೆ ಬಂದು ಕುಡಿದಂತಾದೀತು.

ಬಂಡೆಗಳ ಮುಖದಲ್ಲಿ ಹೆಜ್ಜೇನಿನ ಗೂಡುಗಳಿರುತ್ತವೆ. ಕೂಗಾಟ, ಹೊಗೆ, ಡ್ರೋನ್ ಮೂರೂ ಬೇಡ. ಬೆಳಕು ಹರಿಯುವ ಮೊದಲು ಬೆಟ್ಟದ ಅಂಚಿನ ದಾರಿಗಳಲ್ಲಿ ಒಬ್ಬರೇ ಓಡಬೇಡಿ, ಚಿರತೆಯ ಓಡಾಟವಿದೆ.

ಇಳಿಜಾರು (ಹೊಸಕೋಟೆ) — ಬುಧವಾರ, ಬೆಳಿಗ್ಗೆ 9:45

ಇಷ್ಟೆಲ್ಲ ನಿರ್ಬಂಧಗಳನ್ನು ಓದಿದ ಮೇಲೆ ಓಡುವುದಕ್ಕಿಂತ ಮನೆಯಲ್ಲಿ ಕೂರುವುದೇ ವಾಸಿ ಎನಿಸುತ್ತದೆ. ಹದಿನೈದು ಮಂದಿ ಒಂದು ಬೆಳಿಗ್ಗೆ ಓಡಿದರೆ ಯಾರ ತೋಟ ಮುಳುಗುತ್ತದೆ? ಬೆಟ್ಟದ ಸುತ್ತ ಕಲ್ಲು ಗಣಿಗಾರಿಕೆಯಿಂದ ಆಗಿರುವ ಹಾನಿಯ ಮುಂದೆ ನಮ್ಮ ಬೂಟಿನ ಗುರುತು ಎಷ್ಟರದು? ದೊಡ್ಡದನ್ನು ಬಿಟ್ಟು ಸಣ್ಣದನ್ನು ಹಿಡಿದಂತಿದೆ ಈ ಚರ್ಚೆ.

ಕೋಟೆಕೊತ್ತಲ — ಬುಧವಾರ, ಮಧ್ಯಾಹ್ನ 1:05

ಇಳಿಜಾರು ಅವರ ಮಾತಿನ ಮೊದಲರ್ಧವನ್ನು ಒಪ್ಪುತ್ತೇನೆ. ಗಣಿಯ ಸಿಡಿತದಿಂದ ಒಂದು ದಿನದಲ್ಲಿ ಆಗುವ ಹಾನಿ ಓಟಗಾರರಿಂದ ನೂರು ವರ್ಷವಾದರೂ ಆಗದು. ಆದರೆ ಅದನ್ನು ತಡೆಯುವ ದನಿಗೆ ಬೆಲೆ ಬರುವುದು ಆ ಊರಿನವರು ನಮ್ಮನ್ನು ತಮ್ಮ ಕಡೆಯವರೆಂದು ನಂಬಿದಾಗ. ಹಿಂದಿನ ದಿನ ಅವರ ಹನಿ ನೀರಾವರಿಯ ಪೈಪು ಕಿತ್ತು ಹೋದವನು ಮರುದಿನ ಬೆಟ್ಟ ಉಳಿಸೋಣ ಬನ್ನಿ ಎಂದರೆ ಯಾರು ಬರುತ್ತಾರೆ? ಹದಿನೈದು ಮಂದಿ ಎಂಬ ಲೆಕ್ಕವೂ ಅಷ್ಟು ಸರಳವಲ್ಲ. ಇಂದು ನಿಮ್ಮ ಗಡಿಯಾರ ಬರೆದಿಟ್ಟ ದಾರಿಯನ್ನು ನಾಳೆ ಇನ್ನೊಬ್ಬರು ತಮ್ಮ ಮೊಬೈಲಿಗೆ ಇಳಿಸಿಕೊಳ್ಳುತ್ತಾರೆ.

ಡ್ಯಾನ್ಯೂಬ್ ಕನ್ನಡಿಗ — ಬುಧವಾರ, ರಾತ್ರಿ 11:50

ಕೋಟೆಕೊತ್ತಲ ಸರ್ ಅವರ ಕೊನೆಯ ಮಾತು ಬಹಳ ಮುಖ್ಯವಾದದ್ದು. ವಾಖೌನಲ್ಲಿ ಗುರುತಿಸಿದ ದಾರಿಯಿಂದ ಆಗಿರುವ ದೊಡ್ಡ ಉಪಕಾರವೆಂದರೆ ಜನ ಎಲ್ಲಿ ಓಡುತ್ತಾರೆ ಎಂಬುದು ಬೆಳೆಗಾರರಿಗೆ ಮೊದಲೇ ಗೊತ್ತಿರುತ್ತದೆ. ಔಷಧಿ ಹೊಡೆಯುವ ದಿನ ಆ ಸಾಲನ್ನು ಅವರು ಬೇಗ ಮುಗಿಸಬಹುದು. ಇನ್ನೊಂದು ಒಳ್ಳೆಯ ಪದ್ಧತಿಯೂ ಇದೆ. ತಮ್ಮದೇ ದ್ರಾಕ್ಷಾರಸವನ್ನು ತಮ್ಮ ಅಂಗಳದಲ್ಲಿ ಮಾರುವ ಹಕ್ಕನ್ನು ಆಸ್ಟ್ರಿಯಾದ ದೊರೆ ಎರಡನೆಯ ಜೋಸೆಫ್ 1784ರಲ್ಲಿ ಬೆಳೆಗಾರರಿಗೆ ಕೊಟ್ಟ ಮೇಲೆ, ಮನೆ ತೆರೆದಿರುವ ದಿನ ಬಾಗಿಲಿಗೆ ಹಸಿರು ಕೊಂಬೆ ಕಟ್ಟುವ ರೂಢಿ ಉಳಿದುಬಂದಿದೆ. ಕೊಂಬೆ ಕಂಡರೆ ಒಳಗೆ ಹೋಗಿ ರೊಟ್ಟಿ ತಿಂದು ಹಣ ಕೊಟ್ಟು ಬರುತ್ತೇವೆ. ಕಾಣದಿದ್ದರೆ ನಿಲ್ಲದೆ ಮುಂದೆ ಹೋಗುತ್ತೇವೆ. ನಮ್ಮ ಕಡೆ ಅದೇ ಆಗಬೇಕೆಂದಿಲ್ಲ. ದಾರಿಯ ಒಂದೆರಡು ತೋಟಗಳವರೊಂದಿಗೆ ಇಂಥದ್ದೇನಾದರೂ ಮಾತಾಡಿಕೊಂಡರೆ ಓಟಗಾರರಿಂದ ಅವರಿಗೂ ಒಂದಿಷ್ಟು ಸಿಗುತ್ತದೆ.

ಬೆಳಗಿನ ಓಟ — ಶನಿವಾರ, ಸಂಜೆ 6:30

ಎಲ್ಲರ ಸಲಹೆಯ ಮೇಲೆ ದಾರಿಯನ್ನು ಮತ್ತೆ ಹಾಕಿದ್ದೇನೆ. ಇಂದು ಬೆಳಿಗ್ಗೆ ದಿಶಾಂಕ್ ಮತ್ತು ಗ್ರಾಮ ನಕಾಶೆ ಹಿಡಿದು ನಡೆದೇ ನೋಡಿದೆ. ನಾನು ಓಡಿದ್ದ ತೋಟದ ದಾರಿಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಯಾರದೋ ಹಿಡುವಳಿಯೊಳಗೇ ಇತ್ತು. ಒಂದು ಕಡೆಯಂತೂ ನಾನು ಕಾಲುದಾರಿಯೆಂದು ಕರೆದದ್ದು ತೋಟದ ಬದು. ಹೊಸ ದಾರಿಯಲ್ಲಿ ಸುತ್ತು ಇಲ್ಲ, ಗ್ರಾಮಕ್ಕೆ ಓಡಿ ಮರಳುವುದೂ ಇಲ್ಲ: ದೇವಾಲಯದ ಹೊರರಸ್ತೆಯಿಂದ ನಕಾಶೆ ಕಂಡ ಬಂಡಿದಾರಿಯಲ್ಲಿ ಸುಲ್ತಾನ್‌ಪೇಟೆ, ಅಲ್ಲಿಂದ ಮೆಟ್ಟಿಲು, ಕೋಟೆಯೊಳಗೆ ನಡಿಗೆ, ಡಾಂಬರು ರಸ್ತೆಯಲ್ಲಿ ಇಳಿದು ವಾಹನದಲ್ಲಿ ಮರಳುವುದು. 21 ಕಿ.ಮೀ. ಇದ್ದದ್ದು ಸುಮಾರು 14ಕ್ಕೆ ಇಳಿದಿದೆ. ಗುಂಪನ್ನು ಐದೈದರಂತೆ ಮೂರು ಭಾಗ ಮಾಡಿ, ಗಡಿಯಾರದ ದಾರಿಯನ್ನು ಯಾರೂ ಬಹಿರಂಗಪಡಿಸುವುದು ಬೇಡವೆಂದು ಗುಂಪಿನಲ್ಲಿ ತಿಳಿಸಿದ್ದೇನೆ. ಒಬ್ಬಿಬ್ಬರು ಗೊಣಗಿದರು. ಮೊದಲಿನ ಸುತ್ತು ತಪ್ಪಿದ್ದಕ್ಕೆ ನನಗೂ ಬೇಸರವಿದೆ, ಸುಳ್ಳು ಹೇಳುವುದಿಲ್ಲ.

ದ್ರಾಕ್ಷಿ ಚಪ್ಪರ ಅವರೇ, ನಕಾಶೆ ಕಂಡ ದಾರಿಯಲ್ಲಿ ಬೇವಿನ ಮರದ ಬಳಿ ಒಂದು ಸಿಮೆಂಟು ತೊಟ್ಟಿ ಕಂಡಿತು. ಅದರ ನೀರನ್ನು ಬಾಟಲಿಗೆ ತುಂಬಿಸಿಕೊಳ್ಳಬಹುದೇ, ಯಾರನ್ನು ಕೇಳಬೇಕು?

ದ್ರಾಕ್ಷಿ ಚಪ್ಪರ — ಶನಿವಾರ, ರಾತ್ರಿ 9:15

ಆ ತೊಟ್ಟಿ ನನ್ನ ದೊಡ್ಡಪ್ಪನವರ ಮಗನದು. ಅದರಲ್ಲಿ ಒಮ್ಮೊಮ್ಮೆ ಔಷಧಿ ಕಲಸುತ್ತಾರೆ, ಅದರ ನೀರು ಬೇಡವೇ ಬೇಡ. ಅಲ್ಲಿಂದ ಇನ್ನೂರು ಹೆಜ್ಜೆ ಮುಂದೆ ಎಡಗಡೆ ಪಂಪ್‌ಸೆಟ್ ಮನೆ ಇದೆ, ಅದು ನಮ್ಮದು. ಕರೆಂಟ್ ಮೂರು ಫೇಸ್ ಬರುವುದು ಆ ವಾರ ಯಾವ ಹೊತ್ತಿಗೋ ಹೇಳಲಾಗದು, ಆದ್ದರಿಂದ ಹಿಂದಿನ ರಾತ್ರಿಯೇ ಎರಡು ಕ್ಯಾನ್ ತುಂಬಿಸಿ ಹೊರಗಿಟ್ಟಿರುತ್ತೇನೆ. ಎಷ್ಟು ಮಂದಿ, ಯಾವ ಭಾನುವಾರ ಎಂಬುದನ್ನು ಗುರುವಾರದೊಳಗೆ ತಿಳಿಸಿ. ಆ ಬೆಳಿಗ್ಗೆ ನಮ್ಮ ಸಾಲಿಗೆ ಔಷಧಿ ಹೊಡೆಯುವುದನ್ನು ಸೋಮವಾರಕ್ಕೆ ಹಾಕಿಕೊಳ್ಳುತ್ತೇನೆ. ಪಕ್ಕದವರದು ನನ್ನ ಕೈಯಲ್ಲಿಲ್ಲ. ಅವರು ಪಂಪು ಹೊತ್ತು ನಿಂತಿರುವುದು ಕಂಡರೆ ಗಾಳಿ ಬೀಸುವ ದಿಕ್ಕು ನೋಡಿ ಸ್ವಲ್ಪ ಹೊತ್ತು ನಿಲ್ಲಿ.

ಹಣ್ಣು ಬೇಕಿದ್ದರೆ ವಾಪಸ್ ಹೋಗುವಾಗ ವಾಹನವನ್ನು ಪಂಪ್‌ಸೆಟ್ ಮನೆಯ ಹತ್ತಿರ ತನ್ನಿ. ಬ್ಲೂ ಇನ್ನೂ ಹುಳಿಯಿದೆ, ದಿಲ್‌ಖುಷ್ ಆಗಿದೆ. ತೂಕದ ತಕ್ಕಡಿ ಅಲ್ಲಿಯೇ ಇರುತ್ತದೆ.